ಮಾತೇ ಇಲ್ಲದ ಸಿನಿಮಾ, ಕೊಟ್ಟ ಮಾತಿನ ಕಥೆ

ಕನ್ನಡದಲ್ಲಿ ‘ಮಾತು’ ಅನ್ನೋ ಪದಕ್ಕೆ ಎರಡು ಕೆಲಸ. ಬಾಯಲ್ಲಿ ಆಡೋದೂ ಮಾತೇ, ಇನ್ನೊಬ್ಬರಿಗೆ ಕೊಡೋದೂ ಮಾತೇ. ‘ಮಾತಾಡಿದ’ ಅಂದರೆ ಅದು ಅಲ್ಲಿಗೆ ಮುಗೀತು. ‘ಮಾತು ಕೊಟ್ಟ’ ಅಂದರೆ ಅಲ್ಲಿಂದ ಶುರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮ್ಮಂಥವರಿಗೂ ಈ ವ್ಯತ್ಯಾಸ ಗೊತ್ತು, ಯಾಕಂದ್ರೆ ಪುಣ್ಯಕೋಟಿಯ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ.

ಈ ಸಲ ನಾವು ಬರೀತಿರೋದು ಒಂದು ಹಳೇ ಸಿನಿಮಾದ ಬಗ್ಗೆ. ಅದರಲ್ಲಿ ಮೊದಲನೇ ಥರದ ಮಾತು ಒಂದೂ ಕೇಳಿಸೋದಿಲ್ಲ. ಎರಡನೇ ಥರದ ಮಾತೇ ಇಡೀ ಕಥೆ. ಹೆಸರು ‘ದಿ ಡಾಕ್ಸ್ ಆಫ್ ನ್ಯೂಯಾರ್ಕ್’. 1928ರಲ್ಲಿ ಪ್ಯಾರಮೌಂಟ್ ಕಂಪನಿ ತಯಾರಿಸಿದ ಮೂಕಿ ಚಿತ್ರ, ನಿರ್ದೇಶಕ ಜೋಸೆಫ್ ವಾನ್ ಸ್ಟರ್ನ್‌ಬರ್ಗ್. ಒಂದೂಕಾಲು ಗಂಟೆಯ ಸಿನಿಮಾ. ನಮ್ಮ ಒಂದು ಲ್ಯಾಬ್ ಸೆಷನ್‌ಗಿಂತ ಚಿಕ್ಕದು.

ಕ್ಯಾಂಪಸ್‌ನಲ್ಲಿ ಸಿನಿಮಾ ಚರ್ಚೆ ಅಂದ್ರೆ ಸಾಮಾನ್ಯವಾಗಿ ಕಳೆದ ಶುಕ್ರವಾರದ ರಿಲೀಸು, ಇಲ್ಲಾ ಅದರ ಕಲೆಕ್ಷನ್ನು. ಹಾಗಿರುವಾಗ ಸುಮಾರು ನೂರು ವರ್ಷದ ಹಿಂದಿನ, ಕಪ್ಪು ಬಿಳುಪಿನ, ಬಾಯಿ ಆಡಿದರೂ ದನಿ ಬಾರದ ಸಿನಿಮಾ ಯಾಕೆ ನೋಡಬೇಕು? ಇದಕ್ಕೆ ನಮ್ಮ ಉತ್ತರ ಸ್ವಲ್ಪ ಉದ್ದ ಇದೆ. ಕೊನೆಯಲ್ಲಿ ಒಂದು ಪ್ರಸ್ತಾಪವೂ ಇದೆ. ದಯವಿಟ್ಟು ಅಲ್ಲಿಯವರೆಗೂ ಬನ್ನಿ.

ಕಥೆ ಇಷ್ಟೇ

ಮಂಗಳೂರಿನ ಗೆಳೆಯರು ಹಡಗು ನಿಲ್ಲೋ ಜಾಗಕ್ಕೆ ‘ಧಕ್ಕೆ’ ಅಂತಾರೆ. ಈ ಕಥೆ ನಡೆಯೋದು ನ್ಯೂಯಾರ್ಕಿನ ಧಕ್ಕೆಯಲ್ಲಿ, ಒಂದು ರಾತ್ರಿ ಮತ್ತು ಅದರ ಮಾರನೇ ದಿನ.

ಬಿಲ್ ರಾಬರ್ಟ್ಸ್ ಅನ್ನೋನು ಹಡಗಿನ ಕುಲುಮೆಗೆ ಕಲ್ಲಿದ್ದಲು ಎತ್ತಿ ಹಾಕೋ ಕೆಲಸದವನು. ದಪ್ಪ ತೋಳು, ಮೈತುಂಬ ಮಸಿ, ದಡ ಸಿಕ್ಕಿದರೆ ಕುಡಿತ, ಜಗಳ. ಹಡಗು ಬಂದರಿಗೆ ಬಂದಿದೆ, ಒಂದು ರಾತ್ರಿ ಮಾತ್ರ ರಜ. ದಡಕ್ಕೆ ಇಳಿದವನು ಒಬ್ಬ ಹೆಂಗಸು ನೀರಿಗೆ ಬಿದ್ದದ್ದನ್ನ ನೋಡಿ ಹಾರಿ ಎಳೆದು ತರ್ತಾನೆ. ಅವಳ ಹೆಸರು ಮೇ. ಬದುಕೋದು ಸಾಕು ಅಂತ ತಾನೇ ಹಾರಿದವಳು. ಬಿಲ್ ಅವಳನ್ನ ‘ಸ್ಯಾಂಡ್‌ಬಾರ್’ ಅನ್ನೋ ಹೆಂಡದಂಗಡಿಯ ಮೇಲಿನ ರೂಮಿಗೆ ಹೊತ್ತು ತರ್ತಾನೆ. ಒದ್ದೆ ಬಟ್ಟೆಗೆ ಬದಲಿ ಬೇಕಲ್ಲ, ಅದಕ್ಕೆ ಗಿರವಿ ಅಂಗಡಿಗೆ ನುಗ್ಗಿ ಬಟ್ಟೆ ಎತ್ತಿಕೊಂಡು ಬರ್ತಾನೆ. ಈ ಬಟ್ಟೆ ಕೊನೆಗೆ ಕೆಲಸಕ್ಕೆ ಬರುತ್ತೆ, ನೆನಪಿಟ್ಟುಕೊಳ್ಳಿ.

ರಾತ್ರಿ ಏರಿದ ಹಾಗೆ, ಕುಡಿದ ಜನರ ಮಧ್ಯೆ, ಬಿಲ್ ಮೇಯನ್ನ ಮದುವೆ ಆಗ್ತೀನಿ ಅಂತ ಘೋಷಿಸ್ತಾನೆ. ಅವನಿಗೆ ಅದು ತಮಾಷೆ. ಅವಳಿಗೆ ಹಾಗಲ್ಲ ಅಂತ ಅವಳ ಮುಖ ನೋಡಿದರೆ ಗೊತ್ತಾಗುತ್ತೆ. ಪಾದ್ರಿಯೊಬ್ಬರನ್ನ ಕರೆತರ್ತಾರೆ. ಲೈಸೆನ್ಸ್ ಎಲ್ಲಿ ಅಂತ ಅವರು ಕೇಳಿದರೆ, ಬೆಳಿಗ್ಗೆ ತರ್ತೀನಿ ಅನ್ನೋ ಭರವಸೆ ಕೊಡ್ತಾನೆ. ಉಂಗುರ ಇಲ್ಲ, ಲೂ ಅನ್ನೋ ಹೆಂಗಸು ತನ್ನ ಉಂಗುರವನ್ನೇ ಕೊಡ್ತಾಳೆ.

ಬೆಳಿಗ್ಗೆ ಆಗುತ್ತೆ. ಲೈಸೆನ್ಸ್ ತರಬೇಕಾದವನು ಸ್ವಲ್ಪ ದುಡ್ಡು ಇಟ್ಟು ಸದ್ದಿಲ್ಲದೆ ಹೊರಡ್ತಾನೆ. ಆಮೇಲೆ ಏನೇನೋ ಆಗುತ್ತೆ. ಹಡಗಿನ ಇಂಜಿನಿಯರ್ ಒಬ್ಬ ಮೇ ಮೇಲೆ ಕಣ್ಣು ಹಾಕಿ ರೂಮಿಗೆ ನುಗ್ಗುತ್ತಾನೆ. ಅವನ ಹೆಂಡತಿಯೇ ಆದ ಲೂ ಅವನಿಗೆ ಗುಂಡು ಹಾರಿಸ್ತಾಳೆ. ಪೊಲೀಸರು ಮೊದಲು ಮೇಯನ್ನ ಹಿಡೀತಾರೆ, ಲೂ ತಪ್ಪೊಪ್ಪಿಕೊಳ್ತಾಳೆ. ಇಷ್ಟೆಲ್ಲ ಆದಮೇಲೂ ಬಿಲ್ ಹಡಗು ಹತ್ತಿಬಿಡ್ತಾನೆ. ಹಡಗು ಬಂದರು ಬಿಟ್ಟು ಹೊರಡುತ್ತೆ. ಅಲ್ಲಿ ಕುಲುಮೆಯ ಮುಂದೆ ಅವನಿಗೆ ಏನೋ ಆಗುತ್ತೆ. ನೀರಿಗೆ ಹಾರಿ ದಡಕ್ಕೆ ಈಜಿ ಬರ್ತಾನೆ. ಬಂದು ನೋಡಿದರೆ ಮೇ ಕೋರ್ಟಿನಲ್ಲಿದ್ದಾಳೆ, ಕದ್ದ ಬಟ್ಟೆ ಹಾಕಿಕೊಂಡ ಆರೋಪದ ಮೇಲೆ. ಕದ್ದವನು ನಾನು ಅಂತ ಮುಂದೆ ಬಂದು ನಿಲ್ತಾನೆ. ಅವನಿಗೆ 60 ದಿನದ ಶಿಕ್ಷೆ. ಕಾಯ್ತೀನಿ ಅಂತ ಅವಳು ಹೇಳ್ತಾಳೆ. ಮುಗೀತು.

ಪೂರ್ತಿ ಕಥೆ ಹೇಳಿಬಿಟ್ಟಿರಲ್ಲ ಅಂತ ಬೈಬೇಡಿ. ಇದನ್ನ ಕಥೆಗೋಸ್ಕರ ನೋಡೋರು ಹತ್ತು ನಿಮಿಷದಲ್ಲಿ ಮುಂದಿನದನ್ನ ಊಹಿಸಿಬಿಡ್ತಾರೆ. ನಮ್ಮ ಹತ್ತಾರು ಕನ್ನಡ ಸಿನಿಮಾಗಳಲ್ಲೂ ಒರಟ ನಾಯಕ, ನೊಂದ ನಾಯಕಿ, ಕೊನೆಗೆ ಕೋರ್ಟ್ ಸೀನ್ ಇದ್ದೇ ಇದೆ. ಇಲ್ಲಿ ನೋಡಬೇಕಾದ್ದು ಹೇಗೆ ಹೇಳಿದಾರೆ ಅನ್ನೋದು.

ಮೂರು ಜಾಗ ನೋಡಿ

ಮೊದಲನೆಯದು ಮೇ ನೀರಿಗೆ ಹಾರೋ ಜಾಗ. ಸ್ಟರ್ನ್‌ಬರ್ಗ್ ಅವಳನ್ನ ತೋರಿಸೋದೇ ಇಲ್ಲ. ಕ್ಯಾಮೆರಾ ನೀರನ್ನ ನೋಡ್ತಾ ಇರುತ್ತೆ. ನೀರಿನ ಮೇಲೆ ಬೆಳಕು, ಅದರಲ್ಲಿ ಒಂದು ಹೆಂಗಸಿನ ಪ್ರತಿಬಿಂಬ. ಆಮೇಲೆ ಆ ಪ್ರತಿಬಿಂಬ ಒಡೆದು ಹೋಗುತ್ತೆ. ಅಷ್ಟೇ. ಇವತ್ತಿನ ಸಿನಿಮಾ ಆಗಿದ್ದರೆ ಸ್ಲೋ ಮೋಷನ್, ಪಿಟೀಲು, ಮುಖದ ಕ್ಲೋಸಪ್ ಎಲ್ಲಾ ಇರ್ತಿತ್ತು. ಒಬ್ಬರ ಅತಿ ಕಷ್ಟದ ನಿಮಿಷವನ್ನ ಪ್ರದರ್ಶನಕ್ಕೆ ಇಡಬಾರದು ಅನ್ನೋ ಮರ್ಯಾದೆ ಈ ಶಾಟ್‌ನಲ್ಲಿ ಇದೆ ಅಂತ ನಮಗೆ ಅನ್ಸುತ್ತೆ.

ಎರಡನೆಯದು ಮದುವೆ. ಗಲಾಟೆ ತುಂಬಿದ ಹೆಂಡದಂಗಡಿ, ಎಲ್ಲರೂ ನಗ್ತಿದ್ದಾರೆ. ಪಾದ್ರಿ ಪುಸ್ತಕ ತೆಗೆದಾಗ ಆ ನಗು ನಿಧಾನಕ್ಕೆ ನಿಲ್ಲುತ್ತೆ. ಸದ್ದೇ ಇಲ್ಲದ ಸಿನಿಮಾದಲ್ಲಿ ಸದ್ದು ಅಡಗಿದ್ದು ನಮಗೆ ಗೊತ್ತಾಗುತ್ತೆ! ಜನರ ಮುಖ, ನಿಂತ ಕೈ, ಕೆಳಗಿಟ್ಟ ಗ್ಲಾಸು, ಇವುಗಳಿಂದಲೇ ಮೌನ ಕೇಳಿಸುತ್ತೆ. ಬಿಲ್‌ಗೆ ತಾನು ಏನು ಹೇಳ್ತಿದೀನಿ ಅನ್ನೋದರ ಪೂರ್ತಿ ಅರಿವಿಲ್ಲ. ಆದರೆ ಸುತ್ತ ನಿಂತ ಕುಡುಕರಿಗೆಲ್ಲ ಗೊತ್ತಾಗಿಬಿಟ್ಟಿದೆ, ಇಲ್ಲಿ ಯಾರೋ ಯಾರಿಗೋ ಮಾತು ಕೊಡ್ತಿದ್ದಾರೆ ಅಂತ.

ಮೂರನೆಯದು ಸೂಜಿ. ಬಿಲ್ ಹೊರಡೋಕೆ ನಿಂತಿದ್ದಾನೆ, ಅವನ ಅಂಗಿಯ ಜೇಬು ಹರಿದಿದೆ. ಹೊಲಿದು ಕೊಡ್ತೀನಿ ಅಂತ ಮೇ ಕೂತಿದ್ದಾಳೆ. ಸೂಜಿಗೆ ದಾರ ಪೋಣಿಸೋಕೆ ಹೋದರೆ ಪರದೆಯೇ ಮಂಜಾಗುತ್ತೆ. ಅವಳ ಕಣ್ಣಲ್ಲಿ ನೀರು ತುಂಬಿದೆ. ನಾವು ಅವಳ ಕಣ್ಣಿನ ಒಳಗಿಂದ ಸೂಜಿ ನೋಡ್ತಿದೀವಿ. ಬಿಟ್ಟು ಹೋಗ್ತಿರೋ ಗಂಡನೇ ಸೂಜಿಗೆ ದಾರ ಪೋಣಿಸಿ ಕೊಡ್ತಾನೆ. ಇದಕ್ಕಿಂತ ಜಾಸ್ತಿ ಹೇಳೋ ಡೈಲಾಗ್ ಯಾವ ಬರಹಗಾರ ಬರೆಯೋಕೆ ಆಗುತ್ತೆ? ಬರೆದರೂ ಯಾವ ನಟ ಇದನ್ನ ಹಾಳು ಮಾಡದೆ ಹೇಳ್ತಾನೆ?

ನಾವು ವಿಲ್ಸನ್ ಗಾರ್ಡನ್‌ನಲ್ಲಿ ರೂಮ್ ಮಾಡಿಕೊಂಡಿರೋ ನಾಲ್ಕು ಜನ. ಇದನ್ನ ನೋಡಿದ್ದು ಒಂದು ಭಾನುವಾರ ಬೆಳಿಗ್ಗೆ, ಒಂದೇ ಲ್ಯಾಪ್‌ಟಾಪಿನಲ್ಲಿ. ಒಬ್ಬ ರಾತ್ರಿಯೆಲ್ಲ ಇಂಟರ್ನಲ್ಸ್‌ಗೆ ಓದಿ ಪಕ್ಕದಲ್ಲೇ ಮಲಗಿದ್ದ, ಹಾಗಾಗಿ ಹಿನ್ನೆಲೆ ಸಂಗೀತವನ್ನೂ ಆಫ್ ಮಾಡಿಯೇ ನೋಡಿದ್ವಿ. ಆಗ ಸಿನಿಮಾದ ಒಳಗೆ ಬಂದ ಸದ್ದೆಲ್ಲ ನಮ್ಮ ಬೀದಿಯದ್ದು: ಕಸದ ಗಾಡಿಯ ಹಾಡು, ಪಕ್ಕದ ಮನೆಯ ಕುಕ್ಕರ್ ಸೀಟಿ, ಹೂ ಮಾರುವವರ ಕೂಗು, ಹೊಸೂರು ರಸ್ತೆ ಕಡೆಯಿಂದ ಬಸ್ಸಿನ ಹಾರ್ನ್. ಸ್ವಲ್ಪ ಹೊತ್ತಿಗೆ ಆ ಹಾರ್ನ್ ಹಡಗಿನದ್ದೇ ಅನ್ನಿಸೋಕೆ ಶುರುವಾಯ್ತು. ಮೂಕಿ ಚಿತ್ರದ ಒಂದು ಗುಣ ಇದು. ಸದ್ದಿನ ಜಾಗವನ್ನ ಖಾಲಿ ಬಿಟ್ಟಿರುತ್ತೆ, ನೋಡುವವರು ತಮ್ಮ ಊರನ್ನ ತಂದು ಅಲ್ಲಿ ತುಂಬಬಹುದು.

ನಮ್ಮ ಏರಿಯಾಕ್ಕೆ ಹಡಗು ಬರಲ್ಲ ನಿಜ. ಹತ್ತಿರದ ನೀರು ಅಂದ್ರೆ ಲಾಲ್‌ಬಾಗ್ ಕೆರೆ. ಒಂದು ಕಾಲದಲ್ಲಿ ಇನ್ನೂ ಹತ್ತಿರ ಅಕ್ಕಿತಿಮ್ಮನಹಳ್ಳಿ ಕೆರೆ ಇತ್ತಂತೆ, ಈಗ ಅಲ್ಲಿ ಹಾಕಿ ಸ್ಟೇಡಿಯಂ ಇದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯ್ತು. ನೀರು ಹೋದ ಮೇಲೂ ಧಕ್ಕೆಯ ಕೆಲಸ ಮಾತ್ರ ಹಾಗೇ ಉಳಿದಿದೆ. ರಾತ್ರಿ ಹತ್ತರ ಮೇಲೆ ಶಾಂತಿನಗರ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ನೋಡಿ. ಬ್ಯಾಗು ಹೊತ್ತವರು, ಒಂದು ರಾತ್ರಿಗೆ ಬಂದವರು, ಬೆಳಿಗ್ಗೆ ಊರು ಬಿಡುವವರು, ಬಸ್ಸಿನ ಕಿಟಕಿಯಿಂದ ‘ಫೋನ್ ಮಾಡ್ತೀನಿ’ ಅಂತ ಕೂಗಿ ಹೇಳುವವರು. ಅವರಲ್ಲಿ ಎಷ್ಟು ಜನ ಮಾಡ್ತಾರೋ!

ಮಾರನೇ ಬೆಳಿಗ್ಗೆಯ ಸಿನಿಮಾ

ನಮಗೆ ಈ ಸಿನಿಮಾ ಯಾಕೆ ಮುಖ್ಯ ಅಂತ ಈಗ ನೇರವಾಗಿ ಹೇಳಿಬಿಡ್ತೀವಿ.

ಬಿಲ್ ಎರಡು ಸಲ ನೀರಿಗೆ ಹಾರ್ತಾನೆ. ಮೊದಲನೇ ಸಲ ಅವಳನ್ನ ಎಳೆದು ತರೋಕೆ. ಅದು ಅವನಿಗೆ ಸುಲಭ, ತೋಳಲ್ಲಿ ಶಕ್ತಿ ಇದೆ, ಯೋಚನೆ ಮಾಡೋ ಅಗತ್ಯ ಇಲ್ಲ, ಎಲ್ಲರೂ ಭೇಷ್ ಅಂತಾರೆ. ಎರಡನೇ ಸಲ ಹಾರೋದು ಹಡಗಿನಿಂದ, ಕೊಟ್ಟ ಮಾತಿಗೆ ವಾಪಸ್ ಬರೋಕೆ. ಆಗ ಯಾರೂ ಚಪ್ಪಾಳೆ ತಟ್ಟಲ್ಲ. ದಡದಲ್ಲಿ ಕಾದಿರೋದು ಜೈಲು. ಈ ಎರಡು ಜಿಗಿತಗಳ ನಡುವೆ ಒಬ್ಬ ಮನುಷ್ಯ ದೊಡ್ಡವನಾಗ್ತಾನೆ. ಪುಣ್ಯಕೋಟಿ ಕೊಟ್ಟ ಮಾತಿಗೆ ಹುಲಿಯ ಹತ್ತಿರ ವಾಪಸ್ ಹೋಗುತ್ತಲ್ಲ, ಅದೇ ದಾರಿ ಇದು. ಪುಣ್ಯಕೋಟಿಗೆ ಸತ್ಯ ಹುಟ್ಟಿನಿಂದಲೇ ಗೊತ್ತಿತ್ತು. ಬಿಲ್‌ಗೆ ಒಂದು ರಾತ್ರಿ ಮತ್ತು ಒಂದು ಹಗಲು ಬೇಕಾಯ್ತು.

ಒಬ್ಬರನ್ನ ಉಳಿಸೋದು ಒಂದು ನಿಮಿಷದ ಕೆಲಸ, ಮಾರನೇ ದಿನ ಅವರ ಜೊತೆ ಇರೋದು ದೊಡ್ಡ ಕೆಲಸ. ಇದನ್ನ ಈ ಸಿನಿಮಾ ಹೇಳಿದಷ್ಟು ಸರಳವಾಗಿ ಹೇಳಿದ್ದನ್ನ ನಾವು ಬೇರೆ ಕಡೆ ನೋಡಿಲ್ಲ. ನಮ್ಮ ಹಾಸ್ಟೆಲ್, ಪಿಜಿ ಬದುಕಲ್ಲಿ ಇದು ದೂರದ ವಿಷಯ ಅಲ್ಲ. ರಿಸಲ್ಟ್ ಬಂದ ರಾತ್ರಿ ಗೆಳೆಯನೊಬ್ಬ ಕುಸಿದು ಕೂತರೆ ಆ ಹೊತ್ತಿಗೆ ಎಲ್ಲರೂ ಓಡಿ ಬರ್ತೀವಿ. ‘ಮಚ್ಚಾ, ನಾವಿದೀವಿ’ ಅಂತೀವಿ. ಅದೂ ಮಾತು ಕೊಟ್ಟ ಹಾಗೇನೇ. ಮೂರು ದಿನ ಆದಮೇಲೆ ಅವನ ರೂಮಿನ ಬಾಗಿಲು ತಟ್ಟೋರು ಯಾರು? ಬಿಲ್ ಬೆಳಿಗ್ಗೆ ದುಡ್ಡು ಇಟ್ಟು ಹೋದ ಹಾಗೆ ನಾವೂ ಒಂದು ಮೆಸೇಜ್, ಒಂದು ಎಮೋಜಿ ಇಟ್ಟು ಹೋಗ್ತೀವಾ? (ಗೆಳೆಯರ ಕೈಯಲ್ಲಿ ಆಗದ ಹೊತ್ತಿಗೆ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲಿ ಸೇವ್ ಮಾಡಿಕೊಂಡಿರಿ.)

ಕಲ್ಲಿದ್ದಲು ಹೋಯ್ತು, ಮೌನವೂ ಹೋಯ್ತು

ಇಂಜಿನಿಯರಿಂಗ್ ಓದೋರಿಗೆ ಈ ಸಿನಿಮಾದಲ್ಲಿ ಇನ್ನೊಂದು ಕಥೆ ಕಾಣಿಸುತ್ತೆ.

ಬಿಲ್‌ನ ಕೆಲಸ ಇವತ್ತು ಯಾರಿಗೂ ಗೊತ್ತಿಲ್ಲ. ಕಲ್ಲಿದ್ದಲಿನ ಹಡಗಿನಲ್ಲಿ ಬಾಯ್ಲರ್ ಒಲೆಗಳಿಗೆ ಹಗಲು ರಾತ್ರಿ ಪಾಳಿಯಲ್ಲಿ ಮನುಷ್ಯರೇ ಸಲಿಕೆಯಲ್ಲಿ ಕಲ್ಲಿದ್ದಲು ಹಾಕಬೇಕಿತ್ತು. ನಮಗೆಲ್ಲ ಗೊತ್ತಿರೋ ಟೈಟಾನಿಕ್ ಹಡಗನ್ನೇ ತಗೊಳ್ಳಿ: 29 ಬಾಯ್ಲರ್, 159 ಒಲೆ, ದಿನಕ್ಕೆ ಸುಮಾರು 600 ಟನ್ ಕಲ್ಲಿದ್ದಲು. ಅಷ್ಟನ್ನೂ ಕೈಯಲ್ಲೇ ಎತ್ತಿ ಹಾಕಿದ್ದು. ಮೇಲಿನ ಡೆಕ್‌ನಲ್ಲಿ ಪಿಯಾನೋ ನುಡಿಸ್ತಿದ್ದಾಗ ಕೆಳಗೆ ನೂರಾರು ಬಿಲ್‌ಗಳು ಬೆಂಕಿಯ ಮುಂದೆ ನಿಂತಿದ್ದರು. ಮೊದಲನೇ ಮಹಾಯುದ್ಧದ ನಂತರ ಒಂದೊಂದಾಗಿ ಹಡಗುಗಳು ಎಣ್ಣೆಗೆ ಬದಲಾದವು. ಪಂಪು, ಬರ್ನರ್, ವಾಲ್ವ್ ಬಂದವು, ಸಲಿಕೆ ಹೋಯ್ತು. 1928ರಲ್ಲಿ ಸಿನಿಮಾ ಬಂದಾಗ ಈ ಕೆಲಸ ಆಗಲೇ ಹಳೇ ಕಾಲದ್ದಾಗಿತ್ತು, ಕಥೆಯನ್ನೂ ಹಿಂದಿನ ಕಾಲದ್ದು ಅಂತಲೇ ಹೇಳ್ತಾರೆ.

ಈ ಸಿನಿಮಾದ ಕಲೆಗೂ ಅದೇ ವರ್ಷ ಅದೇ ಗತಿ. 1927ರ ಅಕ್ಟೋಬರ್‌ನಲ್ಲಿ ‘ದಿ ಜಾಝ್ ಸಿಂಗರ್’ ಬಂದಿತ್ತು. ಮುಂದಿನ ಸೆಪ್ಟೆಂಬರ್‌ನಲ್ಲಿ ‘ದಿ ಡಾಕ್ಸ್ ಆಫ್ ನ್ಯೂಯಾರ್ಕ್’ ತೆರೆಗೆ ಬಂದ ಹೊತ್ತಿಗೇ ಅಲ್ ಜಾಲ್ಸನ್‌ನ ಹಾಡುಗಳಿದ್ದ ‘ದಿ ಸಿಂಗಿಂಗ್ ಫೂಲ್’ ಕೂಡ ಬಂತು. ಜನ ದನಿ ಕೇಳೋಕೆ ಓಡಿದರು. ಮೌನದಲ್ಲಿ ಹೇಳೋದನ್ನ ಕಲಿತು ಕಲಿತು ತುತ್ತತುದಿಗೆ ತಲುಪಿದ್ದ ಕಲೆ ಅಲ್ಲಿಗೇ ನಿಂತಿತು. ಮೊದಮೊದಲ ಟಾಕಿಗಳಲ್ಲಿ ಕ್ಯಾಮೆರಾದ ಸದ್ದು ಮೈಕಿಗೆ ಬೀಳಬಾರದು ಅಂತ ಕ್ಯಾಮೆರಾವನ್ನೇ ಒಂದು ಪೆಟ್ಟಿಗೆಯ ಒಳಗೆ ಕೂಡಿ ಹಾಕ್ತಿದ್ದರು. ನಟರು ಬಚ್ಚಿಟ್ಟ ಮೈಕಿನ ಹತ್ತಿರ ನಿಂತೇ ಮಾತಾಡಬೇಕು. ನೀರಿನ ಮೇಲೆ, ಮಂಜಿನ ಒಳಗೆ, ಕಣ್ಣೀರಿನ ಹಿಂದೆ ಹೋಗಿ ಬರ್ತಿದ್ದ ಕ್ಯಾಮೆರಾ ಕೆಲವು ವರ್ಷ ಕಟ್ಟಿ ಹಾಕಿದ ಕರುವಾಯ್ತು.

ಟೆಕ್ನಾಲಜಿ ಬದಲಾಗಬಾರದಿತ್ತು ಅಂತ ನಾವು ಹೇಳ್ತಿಲ್ಲ. ಟಾಕಿ ಬರದಿದ್ದರೆ ರಾಜ್‌ಕುಮಾರ್ ದನಿ ನಮಗೆಲ್ಲಿ ಸಿಗ್ತಿತ್ತು! ಕಲ್ಲಿದ್ದಲಿನ ಒಲೆಯ ಮುಂದೆ ಬೇಯೋ ಕೆಲಸ ಹೋಗಿದ್ದು ಒಳ್ಳೇದೇ. ನಮ್ಮ ಆಕ್ಷೇಪ ಒಂದೇ: ಹೊಸದು ಬಂದ ತಕ್ಷಣ ಹಳೆಯದು ‘ಅರ್ಧಂಬರ್ಧ’ ಆಗಿತ್ತು ಅಂತ ಅಂದುಕೊಳ್ಳೋದು. ಮೂಕಿ ಚಿತ್ರ ದನಿ ಸಿಗದೆ ಒದ್ದಾಡ್ತಿದ್ದ ಟಾಕಿ ಅಲ್ಲ. ಅದಕ್ಕೆ ಅದರದೇ ವ್ಯಾಕರಣ ಇತ್ತು. ಈ ಸಿನಿಮಾದ ಛಾಯಾಗ್ರಾಹಕ ಹೆರಾಲ್ಡ್ ರೋಸನ್ ಮುಂದೆ 1952ರಲ್ಲಿ ‘ಸಿಂಗಿಂಗ್ ಇನ್ ದಿ ರೇನ್’ ಕೂಡ ಚಿತ್ರಿಸಿದರು. ಮೂಕಿಯಿಂದ ಟಾಕಿಗೆ ಹಾಲಿವುಡ್ ಹೊರಳಿದ ಗೊಂದಲವನ್ನೇ ತಮಾಷೆ ಮಾಡೋ ಸಿನಿಮಾ ಅದು. ಮೌನದ ಕೊನೆಯ ದೊಡ್ಡ ಚಿತ್ರಗಳಲ್ಲಿ ಒಂದನ್ನ ತೆಗೆದ ಕಣ್ಣೇ ಕಾಲು ಶತಮಾನ ಕಳೆದು ಆ ಬದಲಾವಣೆಯನ್ನ ನಗುತ್ತಾ ನೋಡ್ತು.

ಇನ್ನೊಂದು ಸಣ್ಣ ಟೆಕ್ನಿಕಲ್ ವಿಷಯ. ಮೂಕಿ ಚಿತ್ರ ಅಂದ್ರೆ ಜನ ಪಟಪಟ ಓಡೋದು, ನಗು ಬರೋದು ಅಂತ ಒಂದು ಕಲ್ಪನೆ ಇದೆ. ಮೂಕಿ ಕಾಲದಲ್ಲಿ ಫ್ರೇಮ್ ರೇಟ್ ಒಂದೇ ಥರ ಇರ್ತಿರಲಿಲ್ಲ. ದನಿ ಬಂದ ಮೇಲೆ, ದನಿ ಏರುಪೇರಾಗಬಾರದು ಅಂತ ಸೆಕೆಂಡಿಗೆ 24 ಫ್ರೇಮ್ ಅಂತ ಗಟ್ಟಿ ಆಯ್ತು. ನಿಧಾನಕ್ಕೆ ತೆಗೆದ ಹಳೇ ರೀಲನ್ನ 24ರಲ್ಲಿ ಓಡಿಸಿದರೆ ಪಟಪಟ ಓಡದೆ ಇನ್ನೇನಾಗುತ್ತೆ? ತಪ್ಪು ನಮ್ಮ ಪ್ಲೇಬ್ಯಾಕಿನದ್ದು. ಒಳ್ಳೇ ಪ್ರಿಂಟಿನಲ್ಲಿ, ಸರಿಯಾದ ವೇಗದಲ್ಲಿ ನೋಡಿ. ಬಿಲ್ ಪಾತ್ರದ ಜಾರ್ಜ್ ಬ್ಯಾಂಕ್ರಾಫ್ಟ್, ಮೇ ಪಾತ್ರದ ಬೆಟ್ಟಿ ಕಾಂಪ್ಸನ್ ಎಷ್ಟು ಸಹಜವಾಗಿ ನಡೀತಾರೆ, ನಿಲ್ತಾರೆ ಅಂತ ಗೊತ್ತಾಗುತ್ತೆ. ದಯವಿಟ್ಟು 1.5x ಹಾಕಬೇಡಿ.

ನಮಗೂ ಇರೋ ತಕರಾರು

ಮೆಚ್ಚಿದ್ದು ಅಂದ ಮಾತ್ರಕ್ಕೆ ಎಲ್ಲವನ್ನೂ ಒಪ್ಪಬೇಕಾಗಿಲ್ಲ. ನಮ್ಮ ನಾಲ್ವರಲ್ಲೇ ಇದರ ಬಗ್ಗೆ ಜಗಳ ಆಗಿದೆ.

ಬಿಲ್ ಒಳ್ಳೆಯವನು ಅಂತ ಸಿನಿಮಾ ನಂಬುತ್ತೆ. ಆದರೆ ಅವನು ಮೇಯನ್ನ ಒಂದು ಮಾತೂ ಕೇಳದೆ ಎತ್ತಿಕೊಂಡು ಬರ್ತಾನೆ, ಕೂರಿಸ್ತಾನೆ, ಮದುವೆ ಅಂತಾನೆ, ಬಿಟ್ಟು ಹೋಗ್ತಾನೆ, ವಾಪಸ್ ಬರ್ತಾನೆ. ಎಲ್ಲಾ ನಿರ್ಧಾರ ಅವನದ್ದೇ. ಅವಳ ಪಾಲಿಗೆ ಕೊನೆಗೆ ಸಿಗೋದು ಕಾಯೋ ಕೆಲಸ. ನಮ್ಮ ಪುರಾಣದಿಂದ ಸೀರಿಯಲ್ ತನಕ ಹೆಂಗಸರಿಗೆ ಕೊಡ್ತಾ ಬಂದಿರೋ ಕೆಲಸವೇ ಇದು. ಲೂ ಕಥೆಯಂತೂ ಇನ್ನೂ ಅನ್ಯಾಯ. ಓಲ್ಗಾ ಬಕ್ಲನೋವಾ ಆ ಪಾತ್ರದಲ್ಲಿ ಕಣ್ಣಲ್ಲೇ ಒಂದು ಇಡೀ ಹಾಳಾದ ಮದುವೆಯನ್ನ ತೋರಿಸ್ತಾರೆ. ಉಂಗುರ ಕೊಟ್ಟವಳೂ ಅವಳೇ, ಮೇಯನ್ನ ಉಳಿಸಿದವಳೂ ಅವಳೇ. ಸಿನಿಮಾ ಅವಳನ್ನ ಪೊಲೀಸರ ಕೈಗೆ ಕೊಟ್ಟು ಮುಂದೆ ಹೋಗಿಬಿಡುತ್ತೆ. ನಿಜ ಹೇಳಬೇಕಂದ್ರೆ ಅವಳ ಕಥೆಗೇ ಇನ್ನೊಂದು ಸಿನಿಮಾ ಬೇಕಿತ್ತು.

ಈ ತಕರಾರಿಗೆ ನಮ್ಮಲ್ಲೇ ಒಬ್ಬರು ಕೊಟ್ಟ ಉತ್ತರ ಹೀಗಿತ್ತು. ಮೇ ಸುಮ್ಮನೆ ಕೂತಿಲ್ಲ. ಜೇಬು ಹೊಲಿದು ಕೊಟ್ಟಮೇಲೆ ಅವನ ಮೇಲೆ ಸಿಟ್ಟು ಮಾಡಿ ಹೊರಗೆ ಕಳಿಸೋದೂ ಅವಳೇ. ಬೇಡಿಕೊಂಡು ಅವನನ್ನ ಉಳಿಸಿಕೊಳ್ಳೋಕೆ ಅವಳು ತಯಾರಿಲ್ಲ. ಅವನು ವಾಪಸ್ ಬರೋದು ಅವಳು ಅತ್ತಿದ್ದಕ್ಕಲ್ಲ, ತಾನು ಆಡಿದ ಮಾತು ತನ್ನನ್ನ ಬಿಡದೆ ಹಿಂಬಾಲಿಸಿದ್ದಕ್ಕೆ. ಇದು ಪೂರ್ತಿ ಸಮಾಧಾನ ಕೊಡೋ ಉತ್ತರ ಅಲ್ಲ. ಆದರೂ ನೂರು ವರ್ಷದ ಹಳೇ ಸಿನಿಮಾ ಒಂದು ಭಾನುವಾರವನ್ನೆಲ್ಲ ಜಗಳದಲ್ಲಿ ಕಳೆಯೋ ಹಾಗೆ ಮಾಡ್ತು ಅಂದ್ರೆ ಅದರಲ್ಲಿ ಇನ್ನೂ ಜೀವ ಇದೆ ಅಂತ ತಾನೇ?

ನಮ್ಮೂರಿನ ಮೂಕಿಗಳು ಎಲ್ಲಿ ಹೋದವು?

ಈಗ ಬೇಜಾರಿನ ಭಾಗ. ಇದೇ ವರ್ಷಗಳಲ್ಲಿ ನಮ್ಮ ಬೆಂಗಳೂರಿನಲ್ಲೂ ಮೂಕಿ ಚಿತ್ರಗಳು ತಯಾರಾಗ್ತಿದ್ದವು. ಸೂರ್ಯ ಫಿಲಂ ಕಂಪನಿ ಇಲ್ಲಿಂದಲೇ ಕೆಲಸ ಮಾಡ್ತಿತ್ತು. ಮೋಹನ್ ಭವನಾನಿ 1931ರಲ್ಲಿ ಶೂದ್ರಕನ ಮೃಚ್ಛಕಟಿಕ ನಾಟಕದ ಕಥೆಯನ್ನ ‘ವಸಂತಸೇನಾ’ ಅಂತ ಮೂಕಿ ಚಿತ್ರ ಮಾಡಿದರು. ಏಣಾಕ್ಷಿ ರಾಮರಾವ್ ಜೊತೆಗೆ ಕಮಲಾದೇವಿ ಚಟ್ಟೋಪಾಧ್ಯಾಯ, ನಮ್ಮ ಟಿ.ಪಿ. ಕೈಲಾಸಂ ಅದರಲ್ಲಿ ನಟಿಸಿದ್ದರು. ಹೌದು, ಮಾತಿನ ಮಲ್ಲ ಕೈಲಾಸಂ, ಮಾತಿಲ್ಲದ ಸಿನಿಮಾದಲ್ಲಿ! ನಾಟಕದ ಗುಬ್ಬಿ ವೀರಣ್ಣನವರು 1931ರಲ್ಲಿ ‘ಹಿಸ್ ಲವ್ ಅಫೇರ್’ ಅನ್ನೋ ಮೂಕಿ ಪ್ರೇಮಕಥೆ ತಯಾರಿಸಿದರು. ಹೆಸರು ನಮ್ಮ ಕಾಲೇಜ್ ಫೆಸ್ಟಿನ ಶಾರ್ಟ್ ಫಿಲಂ ಥರಾನೇ ಇದೆ. ಮುಂದಿನ ವರ್ಷ ಅವರದೇ ‘ಹರಿಮಾಯಾ’ ಬಂತು, ನಿರ್ದೇಶನ ವೈ.ವಿ. ರಾವ್. ಇದೇ ವೈ.ವಿ. ರಾವ್ 1934ರ ಮಾರ್ಚ್‌ನಲ್ಲಿ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ತೆರೆಗೆ ತಂದರು. ಬೆಂಗಳೂರಿನಲ್ಲಿ ಅದು ತೆರೆಕಂಡದ್ದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಮೌಂಟ್ ಅನ್ನೋ ಟಾಕೀಸಿನಲ್ಲಿ. ನಮ್ಮ ರೂಮಿನಿಂದ ಅಲ್ಲಿಗೆ ಒಂದೇ ಬಸ್ಸು.

ಅವುಗಳಲ್ಲಿ ಯಾವುದನ್ನ ಇವತ್ತು ರಾತ್ರಿ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಬಹುದು? ಯಾವುದೂ ಇಲ್ಲ. ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳು ಸುಮಾರು 1,300. ಉಳಿದಿರೋದು, ಅದೂ ಎಷ್ಟೋ ತುಂಡು ತುಂಡಾಗಿ, ಮೂವತ್ತರ ಆಸುಪಾಸು. ಆ ಕಾಲದ ಫಿಲಂ ನೈಟ್ರೇಟಿನದ್ದು, ಬೇಗ ಬೆಂಕಿ ಹಿಡೀತಿತ್ತು, ಬೆಂಕಿ ಬೀಳದಿದ್ದರೆ ಡಬ್ಬಿಯೊಳಗೇ ಕರಗಿ ಪುಡಿಯಾಗ್ತಿತ್ತು. ಟಾಕಿ ಬಂದ ಮೇಲೆ ಹಳೇದನ್ನ ಇಟ್ಟುಕೊಂಡು ಏನು ಮಾಡೋದು ಅನ್ನೋ ಮನೋಭಾವ ಬೇರೆ. ಅಮೆರಿಕದಲ್ಲೂ ಮೂಕಿ ಕಾಲದ ಕಥಾಚಿತ್ರಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪೂರ್ತಿ ಕಳೆದುಹೋಗಿವೆ. ಸ್ಟರ್ನ್‌ಬರ್ಗ್ ಇದೇ ಬ್ಯಾಂಕ್ರಾಫ್ಟ್‌ನನ್ನ ಹಾಕಿಕೊಂಡು ಇದೇ 1928ರಲ್ಲಿ ಮಾಡಿದ ‘ದಿ ಡ್ರ್ಯಾಗ್ ನೆಟ್’ ಕೂಡ ಈಗ ಇಲ್ಲ. ‘ದಿ ಡಾಕ್ಸ್ ಆಫ್ ನ್ಯೂಯಾರ್ಕ್’ ಉಳಿಯಿತು. 1999ರಲ್ಲಿ ಅಮೆರಿಕ ಅದನ್ನ ತನ್ನ ನ್ಯಾಷನಲ್ ಫಿಲಂ ರಿಜಿಸ್ಟ್ರಿಗೆ ಸೇರಿಸಿ, ಕಾಪಾಡಬೇಕಾದ್ದು ಅಂತ ಒಪ್ಪಿಕೊಂಡಿತು.

ವೀರಣ್ಣನವರ ಪ್ರೇಮಕಥೆ ನಮಗೆ ಸಿಗೋದಿಲ್ಲ. ಅದಕ್ಕೇ, ಅದರ ಓರಗೆಯ ಒಂದು ಪ್ರೇಮಕಥೆ ಎಲ್ಲೋ ಉಳಿದಿದೆ ಅಂದಾಗ ಅದನ್ನ ನಮ್ಮದು ಅಂತ ನೋಡೋ ಹಕ್ಕು ನಮಗಿದೆ ಅನ್ಸುತ್ತೆ. ಮಾತಿಲ್ಲದ ಚಿತ್ರಕ್ಕೆ ಮಾತೃಭಾಷೆಯೂ ಇಲ್ಲ ನೋಡಿ. ನಟರು ಯಾವ ಭಾಷೆಯಲ್ಲಿ ತುಟಿ ಆಡಿಸಿದರೇನು, ನಡುವೆ ಬರೋ ಅಕ್ಷರದ ಕಾರ್ಡು ಬದಲಾಯಿಸಿದರೆ ಮುಗೀತು. ನಮ್ಮ ದೇಶದ ಮೂಕಿಗಳಲ್ಲಿ ಒಂದೇ ಕಾರ್ಡಿನ ಮೇಲೆ ಇಂಗ್ಲಿಷ್ ಜೊತೆ ಎರಡು ಮೂರು ಭಾಷೆ ಬರೀತಿದ್ದರು. ಓದು ಬರದವರಿಗೆ ಟೆಂಟಿನಲ್ಲಿ ಯಾರಾದರೂ ಗಟ್ಟಿಯಾಗಿ ಓದಿ ಹೇಳ್ತಿದ್ದರು.

‘ಮಾತಿಲ್ಲದ ಸಿನಿಮಾ ನಮ್ಮ ಜನ ನೋಡ್ತಾರಾ’ ಅನ್ನೋರಿಗೆ ನಾವು ‘ಪುಷ್ಪಕ ವಿಮಾನ’ ನೆನಪಿಸ್ತೀವಿ. 1987ರಲ್ಲಿ, ಟಾಕಿ ಬಂದು ಅರ್ಧ ಶತಮಾನ ಆದಮೇಲೆ, ಶೃಂಗಾರ್ ನಾಗರಾಜ್ ನಿರ್ಮಾಣ, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ಕಮಲ್ ಹಾಸನ್ ನಾಯಕ. ಬೆಂಗಳೂರಿನ ಬೀದಿಗಳಲ್ಲೇ ತೆಗೆದ ಸಿನಿಮಾ, ಒಂದು ಡೈಲಾಗೂ ಇಲ್ಲ. ನಮ್ಮ ಅಪ್ಪ ಅಮ್ಮಂದಿರು ಇವತ್ತಿಗೂ ಅದರ ಸೀನ್‌ಗಳನ್ನ ಕೈಸನ್ನೆ ಮಾಡಿ ತೋರಿಸಿ ನಗ್ತಾರೆ. ಮೌನ ನಮಗೆ ಹೊರಗಿನದ್ದೇನಲ್ಲ.

ಒಂದು ಪ್ರಸ್ತಾಪ

1928ರ ಸಿನಿಮಾ ಆದ್ದರಿಂದ ‘ದಿ ಡಾಕ್ಸ್ ಆಫ್ ನ್ಯೂಯಾರ್ಕ್’ ಮೇಲಿನ ಕಾಪಿರೈಟ್ 2024ರ ಜನವರಿ 1ಕ್ಕೆ ಅಮೆರಿಕದಲ್ಲೇ ಮುಗಿದಿದೆ. ಈಗ ಅದು ಎಲ್ಲರ ಆಸ್ತಿ. ಅದಕ್ಕೆ ನಮ್ಮ ಕನ್ನಡ ಸಂಘ ಒಂದು ಕೆಲಸ ಮಾಡಬೇಕು ಅಂತ ನಾವು ಕೇಳಿಕೊಳ್ತೀವಿ: ಇದರ ಇಂಗ್ಲಿಷ್ ಕಾರ್ಡುಗಳ ಜಾಗದಲ್ಲಿ ಕನ್ನಡ ಕಾರ್ಡು ಮಾಡಿ ಕ್ಯಾಂಪಸ್‌ನಲ್ಲಿ ತೋರಿಸೋಣ. ಸಂಗೀತದ ಟ್ರ್ಯಾಕಿಗೆ ಬೇರೆ ಹಕ್ಕು ಇರಬಹುದು, ಅದನ್ನ ಬಿಟ್ಟುಬಿಡೋಣ. ನಮ್ಮ ಕಾಲೇಜಿನಲ್ಲಿ ಕೀಬೋರ್ಡ್, ಕೊಳಲು, ತಬಲಾ ನುಡಿಸೋರು ಇದ್ದಾರೆ. ಪರದೆಯ ಪಕ್ಕ ಕೂತು ಲೈವ್ ಆಗಿ ನುಡಿಸಲಿ.

ಕೆಲಸ ಅಂದುಕೊಂಡಷ್ಟು ಸುಲಭ ಇಲ್ಲ, ಅದಕ್ಕೇ ಮಜಾ ಇದೆ. ಎಡಿಟಿಂಗ್ ನಮ್ಮಲ್ಲಿ ಯಾರಾದರೂ ಮಾಡ್ತಾರೆ. ಕಷ್ಟ ಇರೋದು ಭಾಷೆಯಲ್ಲಿ. ಬಿಲ್ ಯಾವ ಕನ್ನಡ ಮಾತಾಡಬೇಕು? ಟೆಕ್ಸ್ಟ್‌ಬುಕ್ ಕನ್ನಡ ಕೊಟ್ಟರೆ ಹೆಂಡದಂಗಡಿಯಲ್ಲಿ ಎಲ್ಲರೂ ಭಾಷಣ ಮಾಡಿದ ಹಾಗೆ ಇರುತ್ತೆ. ಮಾರ್ಕೆಟ್ ಕನ್ನಡ ಕೊಡೋಣವಾ, ಮಂಗಳೂರು ಧಕ್ಕೆಯ ಕನ್ನಡವಾ, ಕಾರವಾರದ್ದಾ, ಹುಬ್ಬಳ್ಳಿಯದ್ದಾ? ಪಾದ್ರಿಗೆ ಬೇರೆ ಕನ್ನಡ ಬೇಕು, ಲೂಗೆ ಬೇರೆ. ಮದುವೆಯ ಹೊತ್ತಿನ ಮಾತಂತೂ ತಮಾಷೆಯಾಗಿ ಶುರುವಾಗಿ ಗಂಭೀರವಾಗಬೇಕು. ನಮ್ಮಲ್ಲಿ ಎಷ್ಟೋ ಜನಕ್ಕೆ ಕನ್ನಡ ಮನೆಯಲ್ಲಿ ಆಡೋ ಭಾಷೆ, ಬರೆಯೋಕೆ ಕೂತರೆ ಕೈ ನಡುಗುತ್ತೆ. ಹತ್ತು ವರ್ಷ ಇಂಗ್ಲಿಷಿನಲ್ಲೇ ಉತ್ತರ ಬರೆದ ಕೈ ಅದು. ಒಂದು ಕಾರ್ಡಿನ ಮೇಲೆ ಐದಾರು ಪದ, ಅದಕ್ಕಿಂತ ಜಾಸ್ತಿ ಜಾಗ ಇಲ್ಲ. ಕನ್ನಡದಲ್ಲಿ ಬರೆಯೋಕೆ ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೇ ಅಳತೆ ಸಿಗಲ್ಲ.

ಬೀದರ್, ಕಾಸರಗೋಡು, ಕೊಳ್ಳೇಗಾಲ, ಶಿರಸಿ ಎಲ್ಲಾ ಕಡೆಯವರೂ ನಮ್ಮ ಕ್ಲಾಸಿನಲ್ಲಿದ್ದಾರೆ. ಒಬ್ಬೊಬ್ಬರು ಒಂದೊಂದು ಪಾತ್ರ ತಗೊಳ್ಳಲಿ. ಕನ್ನಡ ಬಾರದ ಗೆಳೆಯರೂ ಬರಲಿ, ಕಾರ್ಡು ಓದಿ ಹೇಳೋಕೆ ಪಕ್ಕದಲ್ಲಿ ನಾವು ಕೂರ್ತೀವಿ, ಟೆಂಟಿನಲ್ಲಿ ಓದಿ ಹೇಳ್ತಿದ್ದವರ ಹಾಗೆ. ಕನ್ನಡ ಕಲಿಸ್ತೀವಿ ಅಂತ ಬ್ಯಾನರ್ ಕಟ್ಟೋದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತೆ ಅಂತ ನಮ್ಮ ನಂಬಿಕೆ.

ಈ ಸೆಮಿಸ್ಟರ್ ಮುಗಿಯೋ ಒಳಗೆ, ನಾಲ್ಕು ಜನ ಸಿಕ್ಕರೂ ಸರಿ, ನಲವತ್ತು ಜನ ಸಿಕ್ಕರೂ ಸರಿ, ಮೊದಲ ಹತ್ತು ನಿಮಿಷದ ಕಾರ್ಡುಗಳನ್ನ ನಾವು ಬರೆದು ಸಂಘದ ಮುಂದೆ ಇಡ್ತೀವಿ. ಇದು ನಮ್ಮ ಮಾತು. ಆಸಕ್ತಿ ಇರೋರು ಸಂಘದ ರೂಮಿಗೆ ಬಂದು ಹೆಸರು ಕೊಡಿ, ಯಾವ ಪಾತ್ರ ಬೇಕು ಅಂತಲೂ ಬರೆದಿಡಿ. ಲೂ ಪಾತ್ರಕ್ಕೆ ಈಗಾಗಲೇ ಇಬ್ಬರು ಜಗಳ ಆಡ್ತಿದ್ದಾರೆ.